ಹೊಗೆ ಕಾಣದ ಬೆಂಕಿ: ಮಹಾನಗರದ ಕಟ್ಟಡಗಳೂ ನೈಸರ್ಗಿಕ ಅನಿಲವೂ

ತರ್ಕಶಾಸ್ತ್ರವನ್ನು ಓದಲು ತೊಡಗಿದ ವಿದ್ಯಾರ್ಥಿಗೆ ಗುರುಗಳು ಮೊಟ್ಟಮೊದಲು ಹೇಳಿಕೊಡುವ ದೃಷ್ಟಾಂತ ಬೆಟ್ಟದ ಮೇಲಿನ ಹೊಗೆಯದು. ದೂರದ ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ಊಹಿಸಬಹುದು. ಅಡುಗೆಮನೆಯಲ್ಲಿ ನಿತ್ಯವೂ ಕಂಡ ಅನುಭವವೇ ಅದಕ್ಕೆ ಆಧಾರ. ಆದರೆ ಅದೇ ಶಾಸ್ತ್ರ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ನಿಜವಾದರೂ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಲೇಬೇಕೆಂಬ ನಿಯಮವಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಆದುದರಿಂದ ಹೊಗೆ ಕಾಣಲಿಲ್ಲವೆಂಬ ಕಾರಣಕ್ಕೆ ಬೆಂಕಿಯೇ ಇಲ್ಲವೆಂದು ನಿಶ್ಚಯಿಸುವುದು ದೋಷ.

ಇಂದಿನ ಮಹಾನಗರಗಳ ಒಂದು ದೊಡ್ಡ ಸಮಸ್ಯೆ ಈ ಕಾದ ಗುಂಡಿನ ಜಾತಿಗೆ ಸೇರಿದ್ದು. ಭೂಮಿಯ ಶಾಖ ಏರುತ್ತಿರುವುದಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯರ ಕಣ್ಣಮುಂದೆ ಮೋಟಾರು ವಾಹನಗಳೂ ಕಾರ್ಖಾನೆಗಳ ಚಿಮಣಿಗಳೂ ಬಂದು ನಿಲ್ಲುತ್ತವೆ. ನಿಶ್ಚಲವಾಗಿ, ಶುಭ್ರವಾಗಿ ನಿಂತಿರುವ ಕಟ್ಟಡದ ಮೇಲೆ ಯಾರಿಗೂ ಸಂದೇಹ ಹುಟ್ಟುವುದಿಲ್ಲ. ಆದರೆ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಲೆಕ್ಕಹಾಕಿ ನೋಡಿದಾಗ, ಆ ಊರು ವಾತಾವರಣಕ್ಕೆ ಬಿಡುವ ಶಾಖವರ್ಧಕ ವಾಯುಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಕಟ್ಟಡಗಳಿಂದಲೇ ಹೊರಡುತ್ತದೆಂದು ತಿಳಿದುಬಂದಿತು. ಈ ಪಾಲನ್ನು ಇಳಿಸಲು ಆ ನಗರ ಕೈಗೊಂಡ ಕ್ರಮ ಇಂದು ಲೋಕದ ಬೇರೆ ಬೇರೆ ಪಟ್ಟಣಗಳಿಗೆ ಒಂದು ಪಾಠವಾಗಿದೆ. ಆ ಪಾಠದ ನಡುವಿನಲ್ಲಿರುವ ಪ್ರಶ್ನೆಯೆಂದರೆ ನೈಸರ್ಗಿಕ ಅನಿಲದ ಸ್ಥಾನವೇನು ಎಂಬುದು.

ಮೊದಲು ಕಟ್ಟಡಕ್ಕೂ ಬೆಂಕಿಗೂ ಇರುವ ಸಂಬಂಧವನ್ನು ತಿಳಿಯಬೇಕು. ನ್ಯೂಯಾರ್ಕಿನ ಚಳಿಗಾಲ ನಮ್ಮ ನಾಡಿನ ಮಾಗಿಯಂತಲ್ಲ. ನೀರು ಹೆಪ್ಪುಗಟ್ಟುವಷ್ಟು ಕಠೋರವಾದುದು. ಅಲ್ಲಿ ಮನೆಗೆ ಶಾಖ ಒದಗಿಸುವುದು ಸುಖದ ಮಾತಲ್ಲ, ಪ್ರಾಣದ ಮಾತು. ಅಕ್ಟೋಬರ್ ೧ರಿಂದ ಮೇ ೩೧ರವರೆಗೆ, ಹೊರಗಿನ ಉಷ್ಣತೆ ಫ್ಯಾರನ್‌ಹೀಟ್ ಮಾಪಕದಲ್ಲಿ ೫೫ ಡಿಗ್ರಿಗಿಂತ ಕೆಳಗಿಳಿದ ಹಗಲಿನಲ್ಲಿ ಬಾಡಿಗೆದಾರರ ಕೋಣೆಗಳನ್ನು ಕನಿಷ್ಠ ೬೮ ಡಿಗ್ರಿಗೆ, ಎಂದರೆ ಸೆಲ್ಸಿಯಸ್ಸಿನ ೨೦ ಡಿಗ್ರಿಗೆ, ಬೆಚ್ಚಗಿಡುವುದು ಮನೆಯೊಡೆಯನ ಕಾನೂನುಬದ್ಧ ಕರ್ತವ್ಯ. ಇದಕ್ಕಾಗಿ ದೊಡ್ಡ ಕಟ್ಟಡಗಳ ನೆಲಮಾಳಿಗೆಯಲ್ಲಿ ಬಾಯ್ಲರ್ ಇರುತ್ತದೆ. ಅದರಲ್ಲಿ ನೀರು ಕಾದು ಹಬೆಯಾಗಿ, ಕೊಳವೆಗಳ ಮೂಲಕ ಮೇಲೇರಿ, ಕೋಣೆಕೋಣೆಯಲ್ಲಿರುವ ರೇಡಿಯೇಟರುಗಳನ್ನು ಕಾಯಿಸುತ್ತದೆ. ಮ್ಯಾನ್‌ಹಟನ್ ಭಾಗದಲ್ಲಿ ೧೮೮೨ರಿಂದಲೂ ಹಬೆಯನ್ನು ಬೀದಿಯಡಿಯ ಕೊಳವೆಗಳಲ್ಲಿ ಹರಿಸಿ ಕಟ್ಟಡಗಳಿಗೆ ಮಾರುವ ವ್ಯವಸ್ಥೆಯೂ ಉಂಟು. ಹೇಗಿದ್ದರೂ ಎಲ್ಲೋ ಒಂದೆಡೆ ಉರುವಲು ಉರಿಯಲೇಬೇಕು.

ಆ ಉರುವಲು ಕಾಲಕಾಲಕ್ಕೆ ಬದಲಾಯಿತು. ಮೊದಲು ಕಲ್ಲಿದ್ದಲು, ಬಳಿಕ ಪೆಟ್ರೋಲಿಯಂ ಎಣ್ಣೆ. ಎಣ್ಣೆಗಳಲ್ಲಿ ಆರನೆಯ ಸಂಖ್ಯೆಯದೆಂದು ಹೆಸರಾದ ಒಂದು ಬಗೆ ಶುದ್ಧೀಕರಣದ ಕೊನೆಗೆ ತಳದಲ್ಲಿ ಉಳಿಯುವ ಗಸಿ. ಟಾರಿನಂತೆ ಮಂದವಾದುದು, ಅಗ್ಗವಾದುದು. ಅದನ್ನೂ ನಾಲ್ಕನೆಯ ಸಂಖ್ಯೆಯ ಎಣ್ಣೆಯನ್ನೂ ಸುಡುತ್ತಿದ್ದ ಕಟ್ಟಡಗಳು ನಗರದಲ್ಲಿ ಸುಮಾರು ೧೦,೦೦೦ ಇದ್ದವು. ಒಟ್ಟು ಕಟ್ಟಡಗಳಲ್ಲಿ ಇವು ನೂರಕ್ಕೆ ಒಂದರಷ್ಟೇ ಆದರೂ, ಊರಿನ ಸಮಸ್ತ ಕಾರು ಲಾರಿಗಳಿಗಿಂತ ಹೆಚ್ಚಿನ ಮಸಿಯನ್ನು ಗಾಳಿಗೆ ಸೇರಿಸುತ್ತಿದ್ದವು. ೨೦೧೧ರಲ್ಲಿ ನಗರಾಡಳಿತವು ನಿಯಮವೊಂದನ್ನು ಹೊರಡಿಸಿ, ಆರನೆಯ ಸಂಖ್ಯೆಯ ಎಣ್ಣೆಯನ್ನು ೨೦೧೫ರ ಮಧ್ಯಭಾಗದೊಳಗೆ ಬಿಡಬೇಕೆಂದು ವಿಧಿಸಿತು. ಬಹುಮಂದಿ ಒಡೆಯರು ಹಣ ಹೂಡಿ ನೈಸರ್ಗಿಕ ಅನಿಲದ ಬಾಯ್ಲರುಗಳನ್ನು ಕೂಡಿಸಿದರು. ಗಾಳಿಯಲ್ಲಿನ ಗಂಧಕದ ಅಂಶ ಗಣನೀಯವಾಗಿ ಇಳಿಯಿತು. ಉಬ್ಬಸದಿಂದ ನರಳುವ ಮಕ್ಕಳಿರುವ ಬಡಾವಣೆಗಳಿಗೆ ಇದು ನಿಜವಾದ ಉಪಕಾರ. ಇಷ್ಟರಮಟ್ಟಿಗೆ ನೈಸರ್ಗಿಕ ಅನಿಲಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಲೇಬೇಕು.

ಅನಿಲವು ಎಣ್ಣೆಗಿಂತ ಏಕೆ ಮೇಲು? ಉತ್ತರ ರಸಾಯನಶಾಸ್ತ್ರದಲ್ಲಿದೆ. ನೈಸರ್ಗಿಕ ಅನಿಲದ ಮುಖ್ಯಾಂಶ ಮೀಥೇನ್. ಅದರ ಒಂದು ಅಣುವಿನಲ್ಲಿ ಇಂಗಾಲದ ಪರಮಾಣು ಒಂದು, ಜಲಜನಕದ ಪರಮಾಣುಗಳು ನಾಲ್ಕು. ಎಣ್ಣೆಯಲ್ಲಿ ಇಂಗಾಲದ ಒಂದು ಪರಮಾಣುವಿಗೆ ಸುಮಾರಾಗಿ ಎರಡು ಜಲಜನಕಗಳು. ಕಲ್ಲಿದ್ದಲಿನಲ್ಲಿ ಇನ್ನೂ ಕಡಿಮೆ. ಉರಿದಾಗ ಜಲಜನಕ ನೀರಿನ ಆವಿಯಾಗುತ್ತದೆ. ಇಂಗಾಲವು, ಹಳೆಯ ಶಾಲಾಪುಸ್ತಕಗಳಲ್ಲಿ ಇಂಗಾಲಾಮ್ಲವೆಂದು ಹೆಸರಾಗಿದ್ದ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಜಲಜನಕದ ಪಾಲು ಹೆಚ್ಚಿದಷ್ಟೂ ಅದೇ ಶಾಖಕ್ಕೆ ಹೊರಬೀಳುವ ಇಂಗಾಲ ಕಡಿಮೆ. ಆದರೆ ಕಡಿಮೆ ಎಂದರೆ ಇಲ್ಲವೆಂದು ಅರ್ಥವಲ್ಲ. ಮಸಿಯಿಲ್ಲದ ನೀಲಿ ಜ್ವಾಲೆಯೂ ಇಂಗಾಲದ ಡೈಆಕ್ಸೈಡನ್ನು ಉಗುಳುತ್ತಲೇ ಇರುತ್ತದೆ. ಅದು ಬಣ್ಣವಿಲ್ಲದ, ವಾಸನೆಯಿಲ್ಲದ ವಾಯುವಾದುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

೨೦೧೯ರ ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕಿನ ನಗರಸಭೆ ೯೭ನೆಯ ಸ್ಥಳೀಯ ಕಾನೂನೆಂದು ಪ್ರಸಿದ್ಧವಾದ ಶಾಸನವನ್ನು ಅಂಗೀಕರಿಸಿತು. ಊರಿನ ಸುಮಾರು ೧೦ ಲಕ್ಷ ಕಟ್ಟಡಗಳಲ್ಲಿ ೨೫,೦೦೦ ಚದರಡಿಗಿಂತ ದೊಡ್ಡವಾದ ಸುಮಾರು ೫೦,೦೦೦ ಕಟ್ಟಡಗಳು ಮಾತ್ರ ಇದರ ವ್ಯಾಪ್ತಿಗೆ ಬರುತ್ತವೆ. ಅವುಗಳಿಂದ ಹೊರಡುವ ಇಂಗಾಲವನ್ನು ೨೦೩೦ರ ವೇಳೆಗೆ ಶೇಕಡ ೪೦ರಷ್ಟು ತಗ್ಗಿಸಿ, ೨೦೫೦ರ ಹೊತ್ತಿಗೆ ನಿವ್ವಳ ಶೂನ್ಯಕ್ಕೆ ತರುವುದು ಗುರಿ. ಯಾವ ಯಂತ್ರವನ್ನು ಕೂಡಿಸಬೇಕು, ಯಾವುದನ್ನು ಕಿತ್ತೊಗೆಯಬೇಕು ಎಂದು ಕಾನೂನು ದೊಡ್ಡ ಕಟ್ಟಡಗಳ ಒಡೆಯರಿಗೆ ಕಟ್ಟಳೆ ಮಾಡುವುದಿಲ್ಲ. ಪ್ರತಿ ಚದರಡಿಗೆ ಇಂತಿಷ್ಟು ಇಂಗಾಲವೆಂದು ಮಿತಿ ಹಾಕಿ, ಉಪಾಯವನ್ನು ಅವರ ವಿವೇಚನೆಗೇ ಬಿಡುತ್ತದೆ. ಮಿತಿ ಮೀರಿದ ಪ್ರತಿ ಟನ್ನಿಗೆ ವರ್ಷಕ್ಕೆ ೨೬೮ ಡಾಲರು ದಂಡ.

ಉದಾಹರಣೆಗೆ, ೧,೦೦,೦೦೦ ಚದರಡಿಯ ಒಂದು ವಸತಿ ಸಮುಚ್ಚಯವನ್ನು ಭಾವಿಸೋಣ. ೨೦೨೪ರಿಂದ ೨೦೨೯ರವರೆಗಿನ ಮೊದಲ ಅವಧಿಯಲ್ಲಿ ಅದರ ಮಿತಿ ವರ್ಷಕ್ಕೆ ೬೭೫ ಟನ್ನು. ಅದು ೭೭೫ ಟನ್ನು ಹೊರಬಿಟ್ಟರೆ ೧೦೦ ಟನ್ನಿಗೆ ೨೬,೮೦೦ ಡಾಲರು ತೆರಬೇಕಾಗುತ್ತದೆ. ೨೦೩೦ರಲ್ಲಿ ಅದೇ ಕಟ್ಟಡದ ಮಿತಿ ಸುಮಾರು ೩೩೫ ಟನ್ನಿಗೆ ಇಳಿಯುತ್ತದೆ. ಆಗಲೂ ಅದು ೭೭೫ ಟನ್ನನ್ನೇ ಬಿಡುತ್ತಿದ್ದರೆ ದಂಡ ೧,೧೭,೦೦೦ ಡಾಲರನ್ನು ಮೀರುತ್ತದೆ. ಇಂಥ ಹೊರೆಯನ್ನು ಪ್ರತಿಭಟಿಸಿ ಕೆಲವು ವಸತಿ ಸಮುಚ್ಚಯಗಳವರು ನ್ಯಾಯಾಲಯದ ಮೆಟ್ಟಿಲೇರಿದರು. ೨೦೨೫ರ ಮೇ ತಿಂಗಳಲ್ಲಿ ಆ ರಾಜ್ಯದ ಅತ್ಯುಚ್ಚ ನ್ಯಾಯಾಲಯವು, ರಾಜ್ಯದ ಕಾನೂನು ನಗರದ ಈ ಅಧಿಕಾರವನ್ನು ಕಿತ್ತುಕೊಂಡಿಲ್ಲವೆಂದು ನಿರ್ಣಯಿಸಿತು.

ಇನ್ನು ಮುಖ್ಯ ಪ್ರಶ್ನೆಗೆ ಬರಬಹುದು. ಅನಿಲವನ್ನು ಇಟ್ಟುಕೊಳ್ಳಬೇಕೇ, ಬಿಡಬೇಕೇ? ನಗರದ ಕಾನೂನು ನಿಗದಿಪಡಿಸಿರುವ ಅಳತೆಗಳನ್ನೇ ಹಿಡಿದು ಲೆಕ್ಕ ಮಾಡೋಣ. ವಿದ್ಯುತ್ ಬಿಲ್ಲಿನಲ್ಲಿ ಎಲ್ಲರಿಗೂ ಪರಿಚಿತವಾದ ಯೂನಿಟ್ಟನ್ನೇ ಶಾಖದ ಮಾನವಾಗಿಯೂ ಇಟ್ಟುಕೊಂಡರೆ ಹೋಲಿಕೆ ಸುಲಭವಾಗುತ್ತದೆ. ೧೦೦ ಯೂನಿಟ್ ಶಾಖವನ್ನುಳ್ಳ ಎರಡನೆಯ ಸಂಖ್ಯೆಯ ಎಣ್ಣೆಯನ್ನು ಸುಟ್ಟರೆ ಸುಮಾರು ೨೫ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಅಷ್ಟೇ ಶಾಖದ ಅನಿಲವನ್ನು ಸುಟ್ಟರೆ ೧೮ ಕಿಲೋಗ್ರಾಂ. ಬಾಯ್ಲರಿನಲ್ಲಿ ಐದನೆಯ ಒಂದು ಪಾಲು ಶಾಖ ಚಿಮಣಿಯ ಮೂಲಕ ನಷ್ಟವಾಗುತ್ತದೆಂದು ಭಾವಿಸಿದರೆ, ಕೋಣೆಗೆ ತಲುಪುವ ೧೦೦ ಯೂನಿಟ್ ಶಾಖಕ್ಕೆ ಎಣ್ಣೆಯಿಂದ ಸುಮಾರು ೩೨, ಅನಿಲದಿಂದ ಸುಮಾರು ೨೩ ಕಿಲೋಗ್ರಾಂ ಆಗುತ್ತದೆ.

ವಿದ್ಯುತ್ತಿನ ಗತಿಯೇನು? ೨೦೨೯ರವರೆಗಿನ ಅವಧಿಗೆ ಕಾನೂನು ಕೊಟ್ಟಿರುವ ಅಳತೆಯಂತೆ ೧೦೦ ಯೂನಿಟ್ ವಿದ್ಯುತ್ತಿಗೆ ಸುಮಾರು ೨೯ ಕಿಲೋಗ್ರಾಂ. ಎಂದರೆ ತಂತಿಯನ್ನು ಕಾಯಿಸಿ ಶಾಖ ಪಡೆಯುವ ಸಾಮಾನ್ಯ ಹೀಟರನ್ನು ಬಳಸಿದರೆ ಅನಿಲಕ್ಕಿಂತ ಹೆಚ್ಚಿನ ಇಂಗಾಲವೇ ಹೊರಬೀಳುತ್ತದೆ. ಕಟ್ಟಡದೊಳಗೆ ಬೆಂಕಿ ಇಲ್ಲವಾದರೂ ಅದು ದೂರದ ವಿದ್ಯುದಾಗಾರದಲ್ಲಿ ಉರಿಯುತ್ತಿರುತ್ತದೆ. ಇದೂ ಹೊಗೆ ಕಾಣದ ಬೆಂಕಿಯೇ.

ಆದರೆ ಹೀಟ್ ಪಂಪ್ ಎಂಬ ಯಂತ್ರ ಈ ಲೆಕ್ಕವನ್ನು ಬದಲಿಸುತ್ತದೆ. ರೆಫ್ರಿಜಿರೇಟರು ಒಳಗಿನ ಶಾಖವನ್ನು ಹೀರಿ ಹಿಂಬದಿಯಲ್ಲಿ ಹೊರಹಾಕುವುದನ್ನು ಎಲ್ಲರೂ ಬಲ್ಲರು. ಅದೇ ತತ್ವವನ್ನು ತಿರುಗಿಸಿ, ಹೊರಗಿನ ತಣ್ಣನೆಯ ಗಾಳಿಯಲ್ಲಿಯೂ ಉಳಿದಿರುವ ಶಾಖವನ್ನು ಹೀರಿ ಮನೆಯೊಳಕ್ಕೆ ತರುವುದು ಈ ಯಂತ್ರದ ಕೆಲಸ. ಅದು ಶಾಖವನ್ನು ಸೃಷ್ಟಿಸುವುದಿಲ್ಲ, ಸಾಗಿಸುತ್ತದೆ. ಆದುದರಿಂದ ಒಂದು ಯೂನಿಟ್ ವಿದ್ಯುತ್ತು ಖರ್ಚು ಮಾಡಿ ಮೂರು ಯೂನಿಟ್‌ನಷ್ಟು ಶಾಖವನ್ನು ಒದಗಿಸಬಲ್ಲದು. ಕಡುಚಳಿಯಲ್ಲಿ ಈ ಪ್ರಮಾಣ ತುಸು ತಗ್ಗುತ್ತದೆ. ಮೂರರಂತೆ ಲೆಕ್ಕ ಹಿಡಿದರೆ ೧೦೦ ಯೂನಿಟ್ ಶಾಖಕ್ಕೆ ಸುಮಾರು ೧೦ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಸಾಕು. ಇದು ಅನಿಲದ ಅರ್ಧಕ್ಕಿಂತಲೂ ಕಡಿಮೆ.

ಇಲ್ಲಿಯೇ ವಿಷಯದ ಮರ್ಮವಿದೆ. ೨೦೩೦ರಿಂದ ೨೦೩೪ರವರೆಗಿನ ಅವಧಿಗೆ ಕಾನೂನು ವಿದ್ಯುತ್ತಿನ ಅಳತೆಯನ್ನು ೧೦೦ ಯೂನಿಟ್ಟಿಗೆ ೧೪.೫ ಕಿಲೋಗ್ರಾಂಗೆ, ಎಂದರೆ ಅರ್ಧಕ್ಕೆ ಇಳಿಸಿದೆ. ಗಾಳಿ, ಬಿಸಿಲು, ಜಲಪಾತಗಳಿಂದ ವಿದ್ಯುತ್ತು ಹೆಚ್ಚು ಹೆಚ್ಚಾಗಿ ಒದಗುವುದೆಂಬ ನಿರೀಕ್ಷೆ ಅದಕ್ಕೆ ಆಧಾರ. ಆಗ ಹೀಟ್ ಪಂಪಿನ ಅಂಕಿ ೧೦ರಿಂದ ೫ಕ್ಕೆ ಬರುತ್ತದೆ. ಅನಿಲದ ಅಂಕಿಯೋ ಹಾಗೆಯೇ ನಿಲ್ಲುತ್ತದೆ. ಏಕೆಂದರೆ ಮೀಥೇನಿನ ಅಣುವಿನಲ್ಲಿರುವ ಇಂಗಾಲ ಅದರ ಸ್ವಭಾವಕ್ಕೆ ಸೇರಿದ್ದು. ಯಾವ ಶಾಸನದಿಂದಲೂ ಅದನ್ನು ಕಳೆಯಲಾಗದು. ವಿದ್ಯುತ್ತಿನ ದೋಷ ಆಗಂತುಕ, ಅನಿಲದ ದೋಷ ಸಹಜ. ಆಗಂತುಕವಾದುದನ್ನು ನಿವಾರಿಸಬಹುದು, ಸಹಜವಾದುದನ್ನು ಸಹಿಸಬೇಕು ಅಥವಾ ಬಿಡಬೇಕು. ಅನಿಲ ಎಣ್ಣೆಯಿಂದ ಮೇಲಕ್ಕೇರಲು ಒಂದು ಮೆಟ್ಟಿಲು. ಆದರೆ ಮೆಟ್ಟಿಲಿನ ಮೇಲೆ ಯಾರೂ ಮನೆ ಕಟ್ಟುವುದಿಲ್ಲ.

ಅನಿಲಕ್ಕೆ ಇನ್ನೆರಡು ದೋಷಗಳುಂಟು. ಉರಿಯದೆ ಸೋರಿದ ಮೀಥೇನ್ ಸ್ವತಃ ಪ್ರಬಲವಾದ ಶಾಖವರ್ಧಕ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ನೋಡಿದರೆ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ೮೦ ಪಟ್ಟಿಗೂ ಮಿಕ್ಕಿದ ತಾಪವನ್ನು ಉಂಟುಮಾಡುತ್ತದೆ. ಬಾವಿಯಿಂದ ಒಲೆಯವರೆಗಿನ ದೀರ್ಘ ಮಾರ್ಗದಲ್ಲಿ ಆಗುವ ಸೋರಿಕೆ ಮೇಲೆ ಹೇಳಿದ ಲೆಕ್ಕದಲ್ಲಿ ಸೇರಿಲ್ಲ. ಎರಡನೆಯದು ಅಪಾಯ. ೨೦೧೪ರ ಮಾರ್ಚ್ ೧೨ರಂದು ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್ ಬಡಾವಣೆಯಲ್ಲಿ ಸೋರಿದ ಅನಿಲ ಸ್ಫೋಟಗೊಂಡು ಎರಡು ಕಟ್ಟಡಗಳು ನೆಲಸಮವಾದವು. ಎಂಟು ಮಂದಿ ಪ್ರಾಣ ಕಳೆದುಕೊಂಡರು.

ಹಾಗೆಂದು ವಿದ್ಯುತ್ತು ಸರ್ವದೋಷರಹಿತವೆಂದು ಭಾವಿಸಬೇಕಾಗಿಲ್ಲ. ೨೦೨೨ರ ಜನವರಿ ೯ರಂದು ಅದೇ ನಗರದ ಬ್ರಾಂಕ್ಸ್ ಭಾಗದ ಎತ್ತರದ ವಸತಿ ಕಟ್ಟಡವೊಂದರಲ್ಲಿ, ಕೋಣೆಯಲ್ಲಿಟ್ಟಿದ್ದ ವಿದ್ಯುತ್ ಹೀಟರು ಕೆಟ್ಟು ಹೊತ್ತಿಕೊಂಡ ಬೆಂಕಿಯಿಂದ ಹೊಗೆ ಹರಡಿ ಹದಿನೇಳು ಮಂದಿ ಮಡಿದರು. ಅವರಲ್ಲಿ ಎಂಟು ಮಂದಿ ಮಕ್ಕಳು. ವಿದ್ಯುತ್ತಿನ ಮೂಲವನ್ನೂ ವಿಚಾರಿಸಬೇಕು. ನಗರಕ್ಕೂ ಅದರ ನೆರೆಯ ಪ್ರದೇಶಕ್ಕೂ ಬೇಕಾದ ವಿದ್ಯುತ್ತಿನ ಸುಮಾರು ಕಾಲುಭಾಗವನ್ನು ಒದಗಿಸುತ್ತಿದ್ದ ಇಂಡಿಯನ್ ಪಾಯಿಂಟ್ ಪರಮಾಣು ವಿದ್ಯುದಾಗಾರದ ಉಳಿದಿದ್ದ ಎರಡು ಘಟಕಗಳು ೨೦೨೦ರಲ್ಲೊಂದು, ೨೦೨೧ರಲ್ಲೊಂದು ಮುಚ್ಚಿದವು. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದುದು ಅನಿಲವನ್ನು ಸುಡುವ ವಿದ್ಯುದಾಗಾರಗಳೇ. ನೆಲಮಾಳಿಗೆಯಿಂದ ಹೊರಹಾಕಿದ ಅನಿಲ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಂತಾಯಿತು. ಇದನ್ನು ಸರಿಪಡಿಸಲು ಕೆನಡಾದ ಕ್ವಿಬೆಕ್ ಪ್ರಾಂತದ ಜಲವಿದ್ಯುತ್ತನ್ನು ೩೩೯ ಮೈಲಿ ದೂರ ನೀರಿನಡಿಯಲ್ಲೂ ನೆಲದಡಿಯಲ್ಲೂ ಹಾಯಿಸಿ ನಗರಕ್ಕೆ ತರುವ, ೧,೨೫೦ ಮೆಗಾವ್ಯಾಟ್ ಸಾಮರ್ಥ್ಯದ ಮಾರ್ಗದ ನಿರ್ಮಾಣವನ್ನು ೨೦೨೨ರಲ್ಲಿ ಆರಂಭಿಸಲಾಯಿತು. ಕಟ್ಟಡದ ಸುಧಾರಣೆಯೂ ವಿದ್ಯುತ್ತಿನ ಶುದ್ಧಿಯೂ ಜೋಡೆತ್ತುಗಳಂತೆ ಒಟ್ಟಿಗೆ ಸಾಗಬೇಕು.

ಆದರೆ ಉರುವಲನ್ನು ಬದಲಿಸುವುದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದು ಮಿತವ್ಯಯ. ಹಬೆಯಿಂದ ಕಾಯುವ ನ್ಯೂಯಾರ್ಕಿನ ಹಳೆಯ ಕಟ್ಟಡಗಳಲ್ಲಿ ಒಂದು ಕೋಣೆ ಸುಡುತ್ತಿದ್ದರೆ ಇನ್ನೊಂದು ಕೊರೆಯುತ್ತಿರುತ್ತದೆ. ಸೆಕೆ ತಾಳಲಾರದೆ ಜನವರಿಯ ನಡುಚಳಿಯಲ್ಲಿ ಕಿಟಕಿಗಳನ್ನು ತೆರೆದಿಡುವವರು ಅನೇಕರು. ಹೀಗೆ ಬೀದಿಯನ್ನು ಕಾಯಿಸುವ ಉರುವಲು ಯಾವುದಾದರೇನು, ಅದು ವ್ಯರ್ಥವೇ. ಕಡಿಮೆ ಬಾಡಿಗೆಯ ಹಲವು ವಸತಿಗಳಿಗೂ ಪ್ರಾರ್ಥನಾ ಮಂದಿರಗಳಿಗೂ ಕಾನೂನು ಪ್ರತ್ಯೇಕವಾದ ದಾರಿಯನ್ನು ತೋರಿಸಿದೆ. ಕೊಳವೆಗಳಿಗೆ ಶಾಖನಿರೋಧಕ ಹೊದಿಕೆ, ಕೆಟ್ಟ ಹಬೆಕವಾಟಗಳ ದುರಸ್ತಿ, ಉಷ್ಣತೆಯ ನಿಯಂತ್ರಣ, ಬಿರುಕುಗಳ ಮುಚ್ಚುವಿಕೆ, ದೀಪಗಳ ಬದಲಾವಣೆ ಮೊದಲಾದ ಹದಿಮೂರು ಕ್ರಮಗಳನ್ನು ಕೈಗೊಂಡರೆ ಅವರು ಕಾನೂನನ್ನು ಪಾಲಿಸಿದಂತೆ.

ಇಂಥ ಕ್ರಮಗಳ ಫಲವೆಷ್ಟೆಂಬುದಕ್ಕೆ ಎಂಪೈರ್ ಸ್ಟೇಟ್ ಕಟ್ಟಡವೇ ಸಾಕ್ಷಿ. ೧೯೩೧ರಲ್ಲಿ ಪೂರ್ಣಗೊಂಡ ೧೦೨ ಅಂತಸ್ತುಗಳ ಈ ಕಟ್ಟಡದ ಜೀರ್ಣೋದ್ಧಾರಕ್ಕೆ ೨೦೦೯ರಲ್ಲಿ ಕೈಹಾಕಲಾಯಿತು. ಅದರ ಸುಮಾರು ೬,೫೦೦ ಕಿಟಕಿಗಳನ್ನು ಎಸೆಯಲಿಲ್ಲ. ಕಟ್ಟಡದೊಳಗೇ ಕಾರ್ಯಾಗಾರ ತೆರೆದು, ಹಳೆಯ ಗಾಜುಗಳ ನಡುವೆ ತೆಳುಪೊರೆಯನ್ನು ಸೇರಿಸಿ, ಶಾಖ ನುಸುಳದಂತೆ ಪುನಃ ಜೋಡಿಸಿದರು. ರೇಡಿಯೇಟರುಗಳ ಹಿಂದೆ ಗೋಡೆಗೆ ಶಾಖವನ್ನು ಮರಳಿಸುವ ಹಾಳೆಗಳನ್ನು ಹಚ್ಚಿದರು, ತಂಪುಯಂತ್ರಗಳನ್ನು ನವೀಕರಿಸಿದರು. ಶಕ್ತಿಯ ಬಳಕೆಯಲ್ಲಿ ಶೇಕಡ ೩೮ರಷ್ಟು ಉಳಿತಾಯ ಈ ಯೋಜನೆಯ ಗುರಿಯಾಗಿತ್ತು. ಇದ್ದುದನ್ನು ಕೆಡವದೆ ಸರಿಪಡಿಸುವುದೂ ಒಂದು ನಿರ್ಮಾಣವೇ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಷ್ಟ ಉಳಿಯುತ್ತದೆ. ನಗರದ ಮಾತನ್ನು ನಂಬಿ ೨೦೧೧ರಿಂದ ೨೦೧೫ರವರೆಗೆ ಎಣ್ಣೆಯನ್ನು ತೊರೆದು ಅನಿಲದ ಬಾಯ್ಲರನ್ನು ತಂದವರ ಪಾಡೇನು? ಬಾಯ್ಲರಿನ ಆಯುಸ್ಸು ಇಪ್ಪತ್ತೈದು ಮೂವತ್ತು ವರ್ಷ. ಅವರ ಸಾಲ ತೀರುವ ಮೊದಲೇ, ಯಂತ್ರ ಸವೆಯುವ ಮೊದಲೇ, ಹೊಸ ಮಿತಿಗಳು ಬಂದು ನಿಂತಿವೆ. ಅವರು ತಪ್ಪು ಮಾಡಿದವರಲ್ಲ. ಅಂದಿನ ಒಳ್ಳೆಯದನ್ನು ಮಾಡಿದವರು. ಅಂಥವರಿಗೆ ಕಾಲಾವಕಾಶವೂ ಸಹಾಯಧನವೂ ದೊರೆಯುವುದು ನ್ಯಾಯ. ಆದರೆ ಇಂದು ಹೊಸದಾಗಿ ಅನಿಲದ ಬಾಯ್ಲರನ್ನು ಕೂಡಿಸುವವನು ೨೦೫೦ರವರೆಗೂ ಆ ಬೆಂಕಿಗೆ ಕಟ್ಟುಬಿದ್ದಂತೆ. ಇದನ್ನರಿತೇ ನಗರವು ೨೦೨೧ರ ಇನ್ನೊಂದು ಕಾನೂನಿನಿಂದ ಹೊಸ ಕಟ್ಟಡಗಳಲ್ಲಿ ಇಂಥ ಉರುವಲುಗಳ ಬಳಕೆಗೆ ತಡೆಯೊಡ್ಡಿತು. ಏಳು ಅಂತಸ್ತಿಗಿಂತ ಕೆಳಗಿನ ಕಟ್ಟಡಗಳಿಗೆ ೨೦೨೪ರಿಂದಲೂ ಅದಕ್ಕೂ ಎತ್ತರದವುಗಳಿಗೆ ೨೦೨೭ರಿಂದಲೂ ಅದು ಅನ್ವಯಿಸುವಂತೆ ವಿಧಿಸಲಾಗಿದೆ. ಆಸ್ಪತ್ರೆ ಮೊದಲಾದ ಕೆಲವಕ್ಕೆ ವಿನಾಯಿತಿಯುಂಟು.

ಈ ಪಾಠ ನಮ್ಮ ನಾಡಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ? ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲದ ಕೊಳವೆಮಾರ್ಗ ೨೦೧೩ರಲ್ಲಿ ಬಂದಿದೆ. ಆದರೆ ಕನ್ನಡನಾಡಿನ ಕಟ್ಟಡಗಳಿಗೆ ಬೇಕಾದುದು ಶಾಖಕ್ಕಿಂತ ತಂಪು. ಮೇಲಾಗಿ ಭಾರತದ ವಿದ್ಯುತ್ತಿನ ಬಹುಭಾಗ ಇನ್ನೂ ಕಲ್ಲಿದ್ದಲಿನಿಂದ ಬರುತ್ತಿದ್ದು, ೧೦೦ ಯೂನಿಟ್ಟಿಗೆ ಸುಮಾರು ೭೦ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಈ ಅಂಕಿಯನ್ನು ಹಿಡಿದರೆ ಹೀಟ್ ಪಂಪಿನ ಶಾಖಕ್ಕೂ ಅನಿಲದ ಶಾಖಕ್ಕೂ ಇಲ್ಲಿ ಸದ್ಯಕ್ಕೆ ಹೆಚ್ಚಿನ ಅಂತರವಿಲ್ಲ. ಎರಡೂ ೨೩ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಆದುದರಿಂದ ಅಲ್ಲಿನ ತೀರ್ಮಾನವನ್ನು ಇಲ್ಲಿಗೆ ಎತ್ತಿ ತರುವುದು ಸಲ್ಲದು. ಎತ್ತಿ ತರಬೇಕಾದುದು ಲೆಕ್ಕದ ಕ್ರಮವನ್ನು. ಭಾರತದಲ್ಲಿಯೂ ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ ಶಕ್ತಿ ಸಂರಕ್ಷಣೆಯ ಕಟ್ಟಡ ಸಂಹಿತೆ ೨೦೦೭ರಲ್ಲಿ ರಚಿತವಾಗಿ ೨೦೧೭ರಲ್ಲಿ ಪರಿಷ್ಕೃತವಾಗಿದೆ. ಬಿಸಿಲನ್ನು ತಡೆಯುವ ಗೋಡೆ, ಗಾಳಿಗೆ ದಾರಿ ಬಿಡುವ ಕಿಟಕಿ, ನೆರಳು ಚೆಲ್ಲುವ ಚಾವಣಿ ಇವು ನಮ್ಮ ತೊಟ್ಟಿಮನೆಗಳನ್ನು ಕಟ್ಟಿದ ಹಿರಿಯರು ಬಲ್ಲ ಸಂಗತಿಗಳು. ಪಡುವಣ ಬಿಸಿಲಿಗೆ ಗಾಜಿನ ಗೋಡೆಯನ್ನೊಡ್ಡಿ, ಒಳಗೆ ಹಗಲಿಡೀ ತಂಪುಯಂತ್ರವನ್ನು ಓಡಿಸುವುದು ಅವರಿಗೆ ವಿವೇಕವೆನಿಸುತ್ತಿರಲಿಲ್ಲ.

ಒಂದು ಕಟ್ಟಡ ನೂರು ವರ್ಷ ಬಾಳುತ್ತದೆ. ಕಟ್ಟಿಸುವಾಗ ಎಲ್ಲರೂ ಕಲ್ಲು, ಸಿಮೆಂಟು, ಕಬ್ಬಿಣಗಳ ವೆಚ್ಚವನ್ನು ವಿಚಾರಿಸುತ್ತಾರೆ. ಮುಂದಿನ ನೂರು ವರ್ಷ ಅದು ಎಷ್ಟು ಉರುವಲನ್ನು ಉಣ್ಣುವುದೆಂದು ವಿಚಾರಿಸುವವರು ವಿರಳ. ಶಾಲೆಯನ್ನಾಗಲಿ, ವಿದ್ಯಾರ್ಥಿನಿಲಯವನ್ನಾಗಲಿ ಕಟ್ಟಿಸುವ ದಾನಿಗಳೂ ಅದನ್ನು ಬಳಸುವ ಅಧ್ಯಾಪಕರೂ ಈ ಎರಡನೆಯ ಪ್ರಶ್ನೆಯನ್ನು ಮೊದಲನೆಯದರ ಜೊತೆಗೇ ಕೇಳುವುದು ಒಳಿತು. ಹೊಗೆ ಕಂಡಾಗ ಬೆಂಕಿಯನ್ನು ಊಹಿಸುವುದು ಬಾಲಕನಿಗೂ ಸಾಧ್ಯ. ಹೊಗೆ ಕಾಣದಿದ್ದಾಗಲೂ ಬೆಂಕಿ ಎಲ್ಲಿದೆಯೆಂದು ಹುಡುಕಿ, ಅದು ಎಷ್ಟು ಬೇಕೋ ಅಷ್ಟೇ ಉರಿಯುವಂತೆ ನೋಡಿಕೊಳ್ಳಲು ವಿದ್ಯೆ ಬೇಕು.